ಬಚ್ಚಿಡದ ಸರಕಿನ ವ್ಯಾಪಾರ

ತಾನು ರಚಿಸಿದ ವಸ್ತುವನ್ನು ಯಾರು ಬೇಕಾದರೂ ಹಣ ತೆರದೆ ಒಯ್ಯಬಹುದು, ಒಯ್ದು ತಮಗೆ ಒಪ್ಪುವಂತೆ ತಿದ್ದಿಕೊಳ್ಳಬಹುದು, ತಿದ್ದಿದ್ದನ್ನು ನೆರೆಯವರಿಗೆ ಹಂಚಬಹುದು, ಮನಸ್ಸಿದ್ದರೆ ಬೆಲೆ ಕಟ್ಟಿ ಮಾರಲೂ ಬಹುದು ಎಂದು ಅದರ ಕರ್ತೃವೇ ಪತ್ರ ಬರೆದುಕೊಟ್ಟ ಮೇಲೆ, ಆ ವಸ್ತುವನ್ನು ನೆಚ್ಚಿ ಒಂದು ವ್ಯಾಪಾರವನ್ನು ಕಟ್ಟುವುದು ಸಾಧ್ಯವೆ ಎಂಬ ಪ್ರಶ್ನೆಯನ್ನು ಅನುಭವಿಯಾದ ಯಾವ ವರ್ತಕನ ಮುಂದಿಟ್ಟರೂ ಆತ ಸಾಧ್ಯವಿಲ್ಲವೆಂದೇ ಉತ್ತರಿಸಿಯಾನು. ಸರಕು ಮಾರುವವನ ಕೈಯಲ್ಲಿದ್ದು ಕೊಳ್ಳುವವನ ಕೈಯಲ್ಲಿ ಇಲ್ಲದಿರುವುದರಿಂದಲೇ ಅದಕ್ಕೊಂದು ಬೆಲೆ ಉಂಟಾಗುವುದೆಂಬುದು ವಾಣಿಜ್ಯದ ಮೊದಲ ಪಾಠ. ಆ ಪಾಠವನ್ನು ಒಪ್ಪುವುದಾದರೆ ಆತನ ಉತ್ತರದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಕಳೆದ ಮೂವತ್ತೈದು ವರ್ಷಗಳಿಂದ ಇಂಥ ವ್ಯಾಪಾರ ಲೋಕದಲ್ಲಿ ನಡೆದುಬಂದಿದೆ. ಅದರಿಂದ ಕೆಲವರು ಶತಕೋಟಿಗಟ್ಟಲೆ ಡಾಲರುಗಳನ್ನು ಗಳಿಸಿದ್ದಾರೆ, ಕೆಲವರು ಕೈಸುಟ್ಟುಕೊಂಡಿದ್ದಾರೆ, ಇನ್ನು ಕೆಲವರು ಹತ್ತು ವರ್ಷ ಬಾಗಿಲು ತೆರೆದಿಟ್ಟು ಬಾಳಿದ ಮೇಲೆ ಏಕಾಏಕಿ ಬೀಗ ಜಡಿದು, ತಮ್ಮನ್ನು ನಂಬಿ ದುಡಿದವರ ನಿಷ್ಠುರಕ್ಕೆ ಪಾತ್ರರಾಗಿದ್ದಾರೆ. ಒಂದೇ ತತ್ತ್ವವನ್ನು ಆಶ್ರಯಿಸಿದ ಉದ್ಯಮಗಳಿಂದ ಇಷ್ಟು ಭಿನ್ನವಾದ ಫಲಗಳು ಹೇಗೆ ಬಂದುವೆಂಬುದು ವಿಚಾರಾರ್ಹವಾದ ಸಂಗತಿ.

ವಿಷಯಕ್ಕೆ ಹೊಸಬರಾದವರಿಗಾಗಿ ಒಂದೆರಡು ಮಾತು. ಗಣಕಯಂತ್ರವನ್ನು ನಡೆಸುವ ತಂತ್ರಾಂಶವು ಮೊದಲು ಮನುಷ್ಯರು ಓದಿ ತಿಳಿಯಬಲ್ಲ ಸಂಕೇತಭಾಷೆಯಲ್ಲಿ ರಚಿತವಾಗಿ, ಅನಂತರ ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳ ರೂಪಕ್ಕೆ ಮಾರ್ಪಡುತ್ತದೆ. ಸಾಮಾನ್ಯ ಕಂಪನಿಗಳು ಈ ಎರಡನೆಯ ರೂಪವನ್ನು ಮಾತ್ರ ಗಿರಾಕಿಗೆ ಕೊಟ್ಟು, ಸೋರ್ಸ್ ಕೋಡ್ ಎಂಬ ಮೂಲಪಾಠವನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳುತ್ತವೆ. ಮೂಲಪಾಠವನ್ನೇ ಲೋಕದ ಮುಂದೆ ತೆರೆದಿಟ್ಟು, ಅದನ್ನು ಬಳಸುವ, ತಿದ್ದುವ, ಹಂಚುವ ಹಕ್ಕನ್ನು ಎಲ್ಲರಿಗೂ ಕೊಡುವ ಪದ್ಧತಿಗೆ ಓಪನ್ ಸೋರ್ಸ್ ಎಂದೂ, ನಮ್ಮಲ್ಲಿ ಮುಕ್ತ ತಂತ್ರಾಂಶವೆಂದೂ ಹೆಸರು.

ಹೀಗೆ ತೆರೆದಿಡುವುದು ವೃತ್ತಿಗೆ ಮಾರಕವೆಂಬ ವಾದ ಬಹಳ ಹಳೆಯದು. 1976ರ ಫೆಬ್ರವರಿಯಲ್ಲಿ, ಮೈಕ್ರೋಸಾಫ್ಟ್ ಕಂಪನಿಯನ್ನು ಆಗತಾನೆ ಆರಂಭಿಸಿದ್ದ ಇಪ್ಪತ್ತರ ತರುಣ ಬಿಲ್ ಗೇಟ್ಸ್, ತಮ್ಮ ಬೇಸಿಕ್ ತಂತ್ರಾಂಶವನ್ನು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿದ್ದ ಹವ್ಯಾಸಿಗಳನ್ನುದ್ದೇಶಿಸಿ ಒಂದು ಬಹಿರಂಗ ಪತ್ರವನ್ನು ಬರೆದು, ದುಡಿಮೆಗೆ ಪ್ರತಿಫಲವಿಲ್ಲದಿದ್ದರೆ ವೃತ್ತಿಯ ಮಟ್ಟದ ಕೆಲಸವನ್ನು ಯಾರು ತಾನೆ ಮಾಡಿಯಾರೆಂದು ಕೇಳಿದರು. ಆ ಪತ್ರವನ್ನು ಲೋಭಿಯ ಮಾತೆಂದು ತಳ್ಳಿಹಾಕುವವರುಂಟು, ನನಗೆ ಹಾಗೆನಿಸದು. ತಿಂಗಳುಗಟ್ಟಲೆ ತಲೆ ತೇದು ರಚಿಸಿದ ಕೃತಿಯಿಂದ ಹೊಟ್ಟೆ ತುಂಬಬೇಕೆಂದು ಬಯಸುವುದು ಅನ್ಯಾಯವಲ್ಲ. ಆ ಪ್ರಶ್ನೆಗೆ ಸಮಾಧಾನ ಹೇಳದೆ ಮುಕ್ತತೆಯನ್ನು ಕೊಂಡಾಡುವುದು ಪ್ರಾಮಾಣಿಕತೆಯೂ ಅಲ್ಲ.

ಸಮಾಧಾನದ ಮೊದಲ ಸುಳಿವು, ಅಂಥದನ್ನು ಯಾರೂ ನಿರೀಕ್ಷಿಸದ ಕಡೆಯಿಂದ ಬಂದಿತು. ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್ಮನ್ನರು, ಬಳಕೆದಾರನಿಂದ ಮೂಲಪಾಠವನ್ನು ಮರೆಮಾಡುವುದು ನೀತಿಗೆ ವಿರುದ್ಧವೆಂದು ದೃಢವಾಗಿ ನಂಬಿ, 1983ರ ಸೆಪ್ಟೆಂಬರಿನಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿ, ಮರುವರ್ಷದ ಜನವರಿಯಲ್ಲಿ ನೌಕರಿಯನ್ನೇ ಬಿಟ್ಟರು. ನೌಕರಿ ಬಿಟ್ಟವರಿಗೆ ಜೀವನೋಪಾಯ ಬೇಕಷ್ಟೆ. ಈಮ್ಯಾಕ್ಸ್ ಎಂಬ ತಮ್ಮ ಪಠ್ಯ ಸಂಪಾದನೆಯ ತಂತ್ರಾಂಶವನ್ನು ಟೇಪಿನ ಮೇಲೆ ಬರೆದು, ಕೇಳಿದವರಿಗೆ 150 ಡಾಲರಿಗೊಂದರಂತೆ ಅಂಚೆಯಲ್ಲಿ ಕಳುಹಿಸತೊಡಗಿದರು. ಜಾಲದ ಸಂಪರ್ಕವುಳ್ಳವರು ಅದನ್ನೇ ಬಿಟ್ಟಿಯಾಗಿ ಪಡೆಯಬಹುದಾಗಿತ್ತು. ಆದರೂ ಟೇಪನ್ನು ಕೊಂಡವರಿದ್ದರು. ಮುಕ್ತತೆಯ ಅತ್ಯಂತ ನಿಷ್ಠುರನಾದ ಪ್ರತಿಪಾದಕನೇ ಅದರ ಮೊದಲ ವರ್ತಕರಲ್ಲೊಬ್ಬನಾಗಿದ್ದನೆಂಬುದನ್ನು, ಈ ಚಳವಳಿಗೂ ಹಣಕ್ಕೂ ಹುಟ್ಟುಹಗೆಯೆಂದು ತಿಳಿದವರು ನೆನಪಿಡಬೇಕು. ಸ್ಟಾಲ್ಮನ್ನರ ಇನ್ನೊಂದು ಕೊಡುಗೆ, 1989ರಲ್ಲಿ ಮೊದಲು ಪ್ರಕಟವಾದ ಜಿಪಿಎಲ್ ಎಂಬ ಲೈಸೆನ್ಸು. ಈ ತಂತ್ರಾಂಶವನ್ನು ತಿದ್ದಿ ಇತರರಿಗೆ ಕೊಡುವವನು ತಿದ್ದಿದ ಮೂಲಪಾಠವನ್ನೂ ಅದೇ ಹಕ್ಕುಗಳೊಡನೆ ಕೊಡತಕ್ಕದ್ದೆಂಬುದು ಅದರ ತಿರುಳು. ಪಡೆದವನು ಪಡೆದದ್ದನ್ನು ಕಟ್ಟಿಹಾಕಲಾಗದಂತೆ ಕಾನೂನಿನ ಬಲದಿಂದಲೇ ಮಾಡಿದ ಈ ಏರ್ಪಾಡು, ಮುಂದೆ ಬಂದ ಹಲವು ವ್ಯಾಪಾರಗಳ ಗೆಲುವು ಸೋಲುಗಳ ಹಿಂದೆ ಇದೆ.

ಅದೇ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಟೀಮನ್, ಜಾನ್ ಗಿಲ್ಮೋರ್, ಡೇವಿಡ್ ಹೆಂಕೆಲ್ ವ್ಯಾಲೆಸ್ ಎಂಬ ಮೂವರು ಸೇರಿ, ಕೇವಲ 6000 ಡಾಲರುಗಳ ಬಂಡವಾಳದಿಂದ ಸಿಗ್ನಸ್ ಎಂಬ ಕಂಪನಿಯನ್ನು ತೆರೆದರು. ಸ್ಟಾಲ್ಮನ್ನರ ಪ್ರಣಾಳಿಕೆಯನ್ನು ಓದಿ ಇತರರು ಅದರಲ್ಲಿ ಸಮಾಜವಾದವನ್ನು ಕಂಡರೆ, ಟೀಮನ್ನರು ಮರೆಯಲ್ಲಿದ್ದ ಒಂದು ವ್ಯಾಪಾರದ ಯೋಜನೆಯನ್ನು ಕಂಡರು. ಅವರ ತರ್ಕ ಸರಳವಾಗಿತ್ತು. ದೇಶದ ಕಾನೂನೂ ನ್ಯಾಯಾಲಯಗಳ ಹಿಂದಿನ ತೀರ್ಪುಗಳೂ ಎಲ್ಲರಿಗೂ ತೆರೆದ ಪುಸ್ತಕಗಳೇ. ಅವನ್ನು ಉದ್ಧರಿಸುವುದಕ್ಕೆ ಯಾರಿಗೂ ಕಪ್ಪ ಕೊಡಬೇಕಾಗಿಲ್ಲ. ಆದರೂ ಆಸ್ತಿಯ ವ್ಯಾಜ್ಯ ಬಂದಾಗ ನಾವು ಗ್ರಂಥಾಲಯಕ್ಕೆ ಹೋಗಿ ಕೂಡುವುದಿಲ್ಲ, ವಕೀಲರ ಮನೆ ಬಾಗಿಲಿಗೆ ಹೋಗಿ ಫೀಜು ಕೊಡುತ್ತೇವೆ. ಪಾಠ ಎಲ್ಲರದಾದಷ್ಟೂ ಅದನ್ನು ಬಲ್ಲವನಿಗೆ ಕೆಲಸ ಹೆಚ್ಚು. ಹೊಸ ಹೊಸ ಚಿಪ್ಪುಗಳನ್ನು ತಯಾರಿಸುತ್ತಿದ್ದ ಕಂಪನಿಗಳಿಗೆ ಮೂಲಪಾಠವನ್ನು ತಮ್ಮ ಚಿಪ್ಪಿಗೆ ತಿಳಿಯುವ ಅಂಕಿಗಳಾಗಿ ಮಾರ್ಪಡಿಸುವ ಕಂಪೈಲರ್ ಎಂಬ ತಂತ್ರಾಂಶ ಬೇಕಾಗಿತ್ತು. ಜಿಸಿಸಿ ಎಂಬ ಗ್ನೂ ಕಂಪೈಲರು ಮುಕ್ತವಾಗಿ ದೊರೆಯುತ್ತಿತ್ತು. ಅದನ್ನು ಈ ಚಿಪ್ಪಿಗೆ ಹೊಂದಿಸಿಕೊಡಬಲ್ಲವರು ಲೋಕದಲ್ಲಿ ಬೆರಳೆಣಿಕೆಯಷ್ಟು ಜನ, ಅವರಲ್ಲಿ ಕೆಲವರು ಸಿಗ್ನಸ್ಸಿನಲ್ಲಿಯೇ ಇದ್ದರು. ಒಂದೊಂದು ಕರಾರೂ ಒಂದೊಂದು ಬಗೆಯಾಗಿ, ಗಿರಾಕಿಗಳು ಹೆಚ್ಚಿದಂತೆಲ್ಲ ಕೆಲಸ ಕೈಮೀರಿ ಹೋಗತೊಡಗಿದಾಗ, ಕೆಲವೇ ಉಪಕರಣಗಳನ್ನು ಆರಿಸಿಕೊಂಡು ಅವುಗಳಿಗೆ ಮಾತ್ರ ಜವಾಬುದಾರರಾಗಿ ನಿಲ್ಲುವುದನ್ನು ಅವರು ಕಲಿತರು. ಹತ್ತು ವರ್ಷಗಳ ಅನಂತರ, 1999ರ ನವೆಂಬರಿನಲ್ಲಿ, ರೆಡ್ ಹ್ಯಾಟ್ ಎಂಬ ಕಂಪನಿ ಸಿಗ್ನಸ್ಸನ್ನು ಸುಮಾರು 67 ಕೋಟಿ ಡಾಲರುಗಳ ಷೇರುಗಳನ್ನು ಕೊಟ್ಟು ಕೊಳ್ಳುವುದಾಗಿ ಸಾರಿತು.

ರೆಡ್ ಹ್ಯಾಟಿನ ಚರಿತ್ರೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಏಕೆಂದರೆ ಇಂಥ ವ್ಯಾಪಾರ ಸಾಧ್ಯವೆ ಎಂಬ ಪ್ರಶ್ನೆಗೆ ಹೌದೆಂದು ಉತ್ತರಿಸುವವರೆಲ್ಲರೂ ಮೊದಲು ಬೆರಳು ತೋರುವುದು ಅತ್ತಲೇ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿ, ಮರುವರ್ಷ ಜಿಪಿಎಲ್ ಲೈಸೆನ್ಸಿನ ಆಶ್ರಯಕ್ಕೆ ತಂದ ಲಿನಕ್ಸ್ ಎಂಬ ತಿರುಳಿನ ಸುತ್ತ ನೂರಾರು ಬಿಡಿ ತಂತ್ರಾಂಶಗಳನ್ನು ಜೋಡಿಸಿ, ಸಾಮಾನ್ಯ ಬಳಕೆಗೆ ಒದಗುವ ಒಂದು ಕಟ್ಟನ್ನು ಮಾರ್ಕ್ ಯೂಯಿಂಗ್ ಎಂಬ ತರುಣ 1994ರಲ್ಲಿ ಹೊರತಂದರು. ಕೆನಡಾದಿಂದ ಬಂದಿದ್ದ ಬಾಬ್ ಯಂಗ್, ತಂತ್ರಾಂಶ ಬರೆಯುವುದಕ್ಕಿಂತ ಮಾರುವುದನ್ನು ಬಲ್ಲವರಾಗಿದ್ದು, ಅಂಚೆಯ ಮೂಲಕ ಗಣಕ ಸಾಮಗ್ರಿಗಳನ್ನು ಒದಗಿಸುತ್ತಿದ್ದರು. 1995ರಲ್ಲಿ ಇಬ್ಬರೂ ಕೂಡಿ ಉತ್ತರ ಕ್ಯಾರೊಲಿನಾದಲ್ಲಿ ನೆಲೆನಿಂತರು. ಮೊದಲ ವರ್ಷಗಳಲ್ಲಿ ಅವರು ಮಾರಿದ್ದು ಸಿಡಿಗಳಿದ್ದ ರಟ್ಟಿನ ಪೆಟ್ಟಿಗೆಯನ್ನು. ಅದರೊಳಗಿನ ಸಿಡಿಯನ್ನೇ ನಕಲು ಮಾಡಿ ಎರಡು ಡಾಲರಿಗೆ ಮಾರುವವರು ಪಕ್ಕದಲ್ಲೇ ಇದ್ದರು, ಹಾಗೆ ಮಾರುವುದಕ್ಕೆ ಲೈಸೆನ್ಸಿನ ಅನುಮತಿಯೂ ಇತ್ತು. ಪೆಟ್ಟಿಗೆಯ ವ್ಯಾಪಾರ ಹೆಸರನ್ನು ತಂದಿತೇ ಹೊರತು ದೊಡ್ಡ ಲಾಭವನ್ನು ತರಲಿಲ್ಲ.

1999ರ ಆಗಸ್ಟ್ 11ರಂದು ರೆಡ್ ಹ್ಯಾಟಿನ ಷೇರುಗಳು ಪೇಟೆಗೆ ಬಂದುವು. 14 ಡಾಲರಿಗೆ ನೀಡಿದ ಷೇರು ಆ ಸಂಜೆಗೆ 52 ಡಾಲರನ್ನು ಮುಟ್ಟಿತು. ಅದೇ ಡಿಸೆಂಬರಿನಲ್ಲಿ, ಲಿನಕ್ಸ್ ಅಳವಡಿಸಿದ ಯಂತ್ರಗಳನ್ನು ಮಾರುತ್ತಿದ್ದ ವಿಎ ಲಿನಕ್ಸ್ ಎಂಬ ಕಂಪನಿಯ 30 ಡಾಲರಿನ ಷೇರು ಒಂದೇ ದಿನದಲ್ಲಿ 239 ಡಾಲರನ್ನು ದಾಟಿ, ಮೊದಲ ದಿನದ ಏರಿಕೆಯ ದಾಖಲೆಯನ್ನೇ ಸ್ಥಾಪಿಸಿತು. 2001ರ ವೇಳೆಗೆ ಆ ಕಂಪನಿ ಯಂತ್ರಗಳ ವ್ಯಾಪಾರವನ್ನೇ ಕೈಬಿಟ್ಟಿತು. ಆ ಉನ್ಮಾದದ ಕಾಲವನ್ನು ಈ ಮಾದರಿಯ ಗೆಲುವಿಗಾಗಲಿ ಸೋಲಿಗಾಗಲಿ ಸಾಕ್ಷಿಯಾಗಿ ಎಳೆಯುವುದು ಸರಿಯಲ್ಲ.

ನಿಜವಾದ ಗೆಲುವು ಷೇರುಪೇಟೆಯ ಗದ್ದಲ ಅಡಗಿದ ಮೇಲೆ, 2002ರಲ್ಲಿ ಆರಂಭವಾಯಿತು. ರೆಡ್ ಹ್ಯಾಟ್ ತನ್ನ ಲಿನಕ್ಸಿನ ಒಂದು ಆವೃತ್ತಿಯನ್ನು ಉದ್ಯಮಗಳಿಗೆಂದೇ ಪ್ರತ್ಯೇಕಿಸಿ, ಒಂದೊಂದು ಸರ್ವರಿಗೆ ವರ್ಷಕ್ಕಿಷ್ಟೆಂದು ಚಂದಾ ಗೊತ್ತುಮಾಡಿತು. ಮರುವರ್ಷ ಪೆಟ್ಟಿಗೆಯ ವ್ಯಾಪಾರವನ್ನು ನಿಲ್ಲಿಸಿ, ಹವ್ಯಾಸಿಗಳಿಗಾಗಿ ಫೆಡೋರಾ ಎಂಬ ಬೇರೊಂದು ಯೋಜನೆಯನ್ನು ಬಿಟ್ಟುಕೊಟ್ಟಿತು. ಮೂಲಪಾಠ ಮೊದಲಿನಂತೆಯೇ ತೆರೆದಿತ್ತು. ಹಾಗಾದರೆ ಒಂದು ಬ್ಯಾಂಕು ಚಂದಾ ಕೊಟ್ಟು ಪಡೆಯುತ್ತಿದ್ದುದೇನು? ತಂತ್ರಾಂಶವನ್ನು ಉತ್ಸಾಹದಿಂದ ಬರೆಯುವವರ ಮನಸ್ಸು ಯಾವಾಗಲೂ ಮುಂದಿನ ಆವೃತ್ತಿಯ ಮೇಲಿರುತ್ತದೆ. ಬ್ಯಾಂಕಿನ ಅಧಿಕಾರಿಗಾದರೋ ನಿನ್ನೆ ನಡೆದ ಲೆಕ್ಕ ಇಂದೂ ಹಾಗೆಯೇ ನಡೆಯಬೇಕು, ಎಂಟು ವರ್ಷಗಳ ಅನಂತರವೂ ಹಾಗೆಯೇ ನಡೆಯಬೇಕು. ಆದರೆ ನಡುವೆ ಪತ್ತೆಯಾದ ಭದ್ರತೆಯ ದೋಷಗಳು ಮಾತ್ರ ದುರಸ್ತಾಗುತ್ತಿರಬೇಕು. ಹೊಸ ಆವೃತ್ತಿಗೆಂದು ಬರೆದ ದುರಸ್ತಿಯನ್ನು ಹಳೆಯ ಆವೃತ್ತಿಗೆ ಹೊಂದುವಂತೆ ಬದಲಿಸಿ, ಬೇರೇನೂ ಕದಲದಂತೆ ಅಲ್ಲಿ ಕೂರಿಸಿ, ನೂರಾರು ಬಗೆಯ ಯಂತ್ರಗಳ ಮೇಲೆ ಪರೀಕ್ಷಿಸುವ ಕೆಲಸಕ್ಕೆ ಕೀರ್ತಿಯಿಲ್ಲ, ಸೊಗಸಿಲ್ಲ. ಪ್ರೀತಿಯಿಂದ ಅದನ್ನು ಮಾಡುವವರು ಬಹಳ ವಿರಳ. ಸಂಬಳ ಕೊಟ್ಟು ಮಾಡಿಸಬೇಕಾದ ಆ ನೀರಸ ದುಡಿಮೆಯನ್ನು ತಾನು ವಹಿಸಿಕೊಂಡು, ಒಂದೊಂದು ಆವೃತ್ತಿಗೂ ಹಲವು ವರ್ಷಗಳ ಪೋಷಣೆಯ ಮಾತು ಕೊಟ್ಟು, ರಾತ್ರಿ ಎರಡು ಗಂಟೆಗೆ ಸರ್ವರು ನಿಂತರೆ ಫೋನೆತ್ತುವ ಹೊಣೆಯನ್ನು ಹೊತ್ತುದೇ ರೆಡ್ ಹ್ಯಾಟಿನ ಸರಕು. ತಂತ್ರಾಂಶವನ್ನು ನಕಲು ಮಾಡಬಹುದು. ಹೊಣೆಯನ್ನು ನಕಲು ಮಾಡಲು ಬರುವುದಿಲ್ಲ.

ಇದಕ್ಕೊಂದು ಕಠಿಣವಾದ ಪರೀಕ್ಷೆಯೂ ಬಂದಿತು. 2006ರ ಅಕ್ಟೋಬರಿನಲ್ಲಿ, ಡೇಟಾಬೇಸ್ ವ್ಯಾಪಾರದ ದೈತ್ಯನಾದ ಒರಾಕಲ್ ಕಂಪನಿ ರೆಡ್ ಹ್ಯಾಟಿನ ಮೂಲಪಾಠವನ್ನೇ ಎತ್ತಿಕೊಂಡು, ಹೆಸರನ್ನೂ ಚಿಹ್ನೆಯನ್ನೂ ತೆಗೆದು, ಅದಕ್ಕೆ ಅರ್ಧ ಬೆಲೆಯಲ್ಲಿ ಪೋಷಣೆಯನ್ನು ತಾನೇ ಒದಗಿಸುವುದಾಗಿ ಘೋಷಿಸಿತು. ಮರುದಿನ ರೆಡ್ ಹ್ಯಾಟಿನ ಷೇರು ಸುಮಾರು ಕಾಲುಭಾಗ ಕುಸಿಯಿತು. ಮಾದರಿಯ ದೌರ್ಬಲ್ಯ ಬಯಲಾಯಿತೆಂದು ಹಲವರು ತೀರ್ಮಾನಿಸಿದರು. ಆದರೆ ಗಿರಾಕಿಗಳು ಹೋಗಲಿಲ್ಲ. ಲಿನಕ್ಸಿನ ತಿರುಳನ್ನು ನಿತ್ಯವೂ ಬರೆಯುತ್ತಿದ್ದವರೇ ಈ ಕಂಪನಿಯ ಸಂಬಳದ ಪಟ್ಟಿಯಲ್ಲಿದ್ದಾಗ, ದೋಷ ಕಂಡರೆ ಯಾರ ಬಳಿ ಹೋಗಬೇಕೆಂಬ ವಿಷಯದಲ್ಲಿ ಅವರಿಗೆ ಸಂಶಯವಿರಲಿಲ್ಲ. 2012ರ ಫೆಬ್ರವರಿಗೆ ಮುಗಿದ ಆರ್ಥಿಕ ವರ್ಷದಲ್ಲಿ ರೆಡ್ ಹ್ಯಾಟಿನ ಆದಾಯ 100 ಕೋಟಿ ಡಾಲರುಗಳನ್ನು ದಾಟಿತು. ಮುಕ್ತ ತಂತ್ರಾಂಶವನ್ನೇ ಉಸಿರಾಗಿಸಿಕೊಂಡ ಕಂಪನಿಯೊಂದು ಆ ಗಡಿಯನ್ನು ದಾಟಿದ್ದು ಅದೇ ಮೊದಲು. 2018ರ ಅಕ್ಟೋಬರಿನಲ್ಲಿ ಐಬಿಎಂ ಅದನ್ನು 3400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿ, ಮರುವರ್ಷದ ಜುಲೈಯಲ್ಲಿ ವ್ಯವಹಾರವನ್ನು ಮುಗಿಸಿತು.

ಈ ಅಂಕಿಗಳಿಂದ ಕಣ್ಣು ಕೋರೈಸಿಕೊಳ್ಳುವ ಮುನ್ನ ಇನ್ನೊಂದು ಅಂಕಿಯನ್ನು ಪಕ್ಕದಲ್ಲಿಟ್ಟು ನೋಡುವುದು ವಿವೇಕ. ರೆಡ್ ಹ್ಯಾಟ್ 100 ಕೋಟಿಯನ್ನು ದಾಟಿದ ಅದೇ 2012ರಲ್ಲಿ ಮೈಕ್ರೋಸಾಫ್ಟಿನ ವಾರ್ಷಿಕ ಆದಾಯ 7300 ಕೋಟಿ ಡಾಲರಿಗೂ ಮಿಕ್ಕಿತ್ತು. ಲೋಕದ ಸರ್ವರುಗಳಲ್ಲಿ ಲಿನಕ್ಸಿಗೆ ಇದ್ದ ಸ್ಥಾನವನ್ನು ಬಲ್ಲವರಿಗೆ ಈ ಅಂತರ ವಿಚಿತ್ರವಾಗಿ ತೋರಬಹುದು. ನನಗೆ ಅದು ಸಹಜವಾಗಿಯೇ ತೋರುತ್ತದೆ. ತಂತ್ರಾಂಶವನ್ನು ಬಚ್ಚಿಟ್ಟು ಮಾರುವವನು ಅದರಿಂದ ಹುಟ್ಟಿದ ಪ್ರಯೋಜನದ ದೊಡ್ಡ ಪಾಲನ್ನು ತಾನು ತೆಗೆದುಕೊಳ್ಳಬಲ್ಲ. ತೆರೆದಿಟ್ಟು ಮಾರುವವನು ದೊಡ್ಡ ಪಾಲನ್ನು ಬಳಸುವವರಿಗೇ ಬಿಟ್ಟು, ತನ್ನ ದುಡಿಮೆಯ ಕೂಲಿಯನ್ನಷ್ಟೇ ತೆಗೆದುಕೊಳ್ಳಬೇಕಾಗುತ್ತದೆ. ಲೋಕದ ದೃಷ್ಟಿಯಿಂದ ಇದು ಶ್ಲಾಘ್ಯ. ಹೂಡಿದ ಹಣಕ್ಕೆ ಹತ್ತು ಪಟ್ಟು ಪ್ರತಿಫಲವನ್ನು ಏಳು ವರ್ಷಗಳೊಳಗೆ ಬಯಸುವ ಬಂಡವಾಳಗಾರನ ದೃಷ್ಟಿಯಿಂದ ಇದೊಂದು ಕೊರತೆ. ಮುಂದೆ ಬಂದ ಕಲಹಗಳೆಲ್ಲವೂ ಈ ಎರಡು ದೃಷ್ಟಿಗಳ ನಡುವಿನ ಬಿರುಕಿನಲ್ಲಿಯೇ ಹುಟ್ಟಿದುವು.

ರೆಡ್ ಹ್ಯಾಟ್ ಕೂಡ ಅದರಿಂದ ಪೂರ್ಣವಾಗಿ ಪಾರಾಗಲಿಲ್ಲ. ಅದರ ಆವೃತ್ತಿಯನ್ನೇ ಪಡಿಯಚ್ಚಾಗಿ ಒದಗಿಸುತ್ತಿದ್ದ, 2014ರಿಂದ ಅದರ ಆಶ್ರಯದಲ್ಲಿಯೇ ಇದ್ದ ಸೆಂಟ್ ಓಎಸ್ ಎಂಬ ಯೋಜನೆಯ ಸ್ವರೂಪವನ್ನು ಬದಲಿಸುವುದಾಗಿ 2020ರ ಡಿಸೆಂಬರಿನಲ್ಲಿ ಪ್ರಕಟಿಸಿ, ಅದನ್ನು ನಂಬಿದ್ದವರಿಗೆ ಒಂದೇ ವರ್ಷದ ಗಡುವು ಕೊಟ್ಟಿತು. 2023ರ ಜೂನಿನಲ್ಲಿ ತನ್ನ ಉದ್ಯಮ ಆವೃತ್ತಿಯ ಮೂಲಪಾಠವನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ನಿಲ್ಲಿಸಿ, ಚಂದಾದಾರರಿಗೆ ಮಾತ್ರ ಕೊಡತೊಡಗಿತು. ತಂತ್ರಾಂಶವನ್ನು ಪಡೆದವನಿಗೆ ಮೂಲಪಾಠವನ್ನು ಕೊಟ್ಟರೆ ಸಾಕೆಂದು ಜಿಪಿಎಲ್ ಹೇಳುವುದರಿಂದ ತನ್ನ ನಡೆ ಲೈಸೆನ್ಸಿಗೆ ಅನುಗುಣವಾಗಿಯೇ ಇದೆಯೆಂಬುದು ಅದರ ಸಮರ್ಥನೆ. ಇರಬಹುದು. ಆದರೆ ಹೊಣೆಯನ್ನು ಮಾರುವವನ ಮೂಲಧನ ವಿಶ್ವಾಸ. ಅದಕ್ಕೆ ಆ ದಿನಗಳಲ್ಲಿ ಊನ ಬಂದಿತೆಂದು ಹೇಳದೆ ವಿಧಿಯಿಲ್ಲ.

ಇನ್ನೊಂದು ಮಾರ್ಗವನ್ನು ಸ್ವೀಡನ್ನಿನ ಮೈಎಸ್‌ಕ್ಯೂಎಲ್ ಕಂಪನಿ ಹಿಡಿದಿತ್ತು. ತನ್ನ ಡೇಟಾಬೇಸನ್ನು ಜಿಪಿಎಲ್ ಅಡಿಯಲ್ಲಿ ಎಲ್ಲರಿಗೂ ಕೊಟ್ಟು, ಅದನ್ನು ತಮ್ಮ ಮುಚ್ಚಿದ ಉತ್ಪನ್ನಗಳೊಳಗೆ ಸೇರಿಸಿ ಹಂಚಬಯಸುವವರಿಗೆ ಮಾತ್ರ ಬೇರೊಂದು ಲೈಸೆನ್ಸನ್ನು ಹಣಕ್ಕೆ ಮಾರುವುದು ಅದರ ಉಪಾಯ. 2008ರಲ್ಲಿ ಸನ್ ಕಂಪನಿ ಅದನ್ನು 100 ಕೋಟಿ ಡಾಲರಿಗೆ ಕೊಂಡಿತು. 2010ರಲ್ಲಿ ಸನ್ ಕಂಪನಿಯೇ ಒರಾಕಲ್ಲಿನ ಪಾಲಾಯಿತು. ತಾವು ಕಟ್ಟಿದ ಡೇಟಾಬೇಸು ಅದರ ಪ್ರತಿಸ್ಪರ್ಧಿಯ ಕೈಸೇರುವುದನ್ನು ಸಹಿಸದ ಸಂಸ್ಥಾಪಕ ಮೈಕೆಲ್ ವಿಡೇನಿಯಸ್, ಅದೇ ಮೂಲಪಾಠದಿಂದ ಮರಿಯಾಡಿಬಿ ಎಂಬ ಕವಲನ್ನು ತೆಗೆದರು. ಕಂಪನಿಯನ್ನು ಮಾರಬಹುದು, ಮುಕ್ತವಾಗಿ ಹೊರಬಿದ್ದ ಪಾಠವನ್ನು ಯಾರೂ ಮರಳಿ ಒಳಗೆ ಸೇರಿಸಲಾರರು ಎಂಬುದಕ್ಕೆ ಅದು ನಿದರ್ಶನ.

ಅನಂತರ ಬಂದದ್ದು, ತಂತ್ರಾಂಶವನ್ನು ದೂರದ ಯಂತ್ರಗಳಲ್ಲಿ ನಡೆಸಿ ಅದರ ಸೇವೆಯನ್ನು ಬಾಡಿಗೆಗೆ ಒದಗಿಸುವ ಕ್ಲೌಡ್. ಈ ಮಾದರಿಗೆ ಇಷ್ಟು ದೊಡ್ಡ ಪೆಟ್ಟು ಬೇರಾವುದರಿಂದಲೂ ಬಿದ್ದಿರಲಿಲ್ಲ. ತಂತ್ರಾಂಶವನ್ನು ಇತರರಿಗೆ ಹಂಚುವಾಗ ಮಾತ್ರ ಜಿಪಿಎಲ್ಲಿನ ನಿಬಂಧನೆ ಅನ್ವಯಿಸುತ್ತದೆ. ಅಮೆಜಾನಿನಂಥ ಸಂಸ್ಥೆ ಅದನ್ನು ಯಾರಿಗೂ ಹಂಚದೆ, ತನ್ನ ಯಂತ್ರಗಳಲ್ಲಿಯೇ ನಡೆಸಿ, ಅದರ ಸೇವೆಯನ್ನು ಗಂಟೆಯ ಲೆಕ್ಕದಲ್ಲಿ ಮಾರಿದರೆ ನಿಬಂಧನೆ ಅದನ್ನು ತಟ್ಟುವುದಿಲ್ಲ. ಅಷ್ಟೇ ಅಲ್ಲ, ರೆಡ್ ಹ್ಯಾಟ್ ಮಾರುತ್ತಿದ್ದ ಹೊಣೆಯನ್ನೂ ಕ್ಲೌಡ್ ಸಂಸ್ಥೆಯೇ ಹೊತ್ತುಬಿಡುತ್ತದೆ. ರಾತ್ರಿ ಎರಡು ಗಂಟೆಯ ಫೋನು ಈಗ ಅದಕ್ಕೇ ಹೋಗುತ್ತದೆ. ತಂತ್ರಾಂಶವನ್ನು ಬರೆದವರಿಗೆ ಮಾರಲು ಉಳಿದದ್ದೇನು? ಈ ಭಯದಿಂದ ಮಾಂಗೊಡಿಬಿ 2018ರ ಅಕ್ಟೋಬರಿನಲ್ಲಿ, ಎಲಾಸ್ಟಿಕ್ 2021ರ ಜನವರಿಯಲ್ಲಿ, ಹಾಶಿಕಾರ್ಪ್ 2023ರ ಆಗಸ್ಟಿನಲ್ಲಿ, ರೆಡಿಸ್ 2024ರ ಮಾರ್ಚಿನಲ್ಲಿ, ಹೀಗೆ ಹಲವು ಕಂಪನಿಗಳು ಒಂದರ ಹಿಂದೊಂದು ತಮ್ಮ ಲೈಸೆನ್ಸುಗಳನ್ನು ಬದಲಿಸಿ, ಓಪನ್ ಸೋರ್ಸ್ ಎಂಬ ಒಪ್ಪಿತವಾದ ಲಕ್ಷಣದಿಂದ ಹೊರಬಿದ್ದುವು. ಪ್ರತಿಕ್ರಿಯೆಯೂ ತಡವಾಗಲಿಲ್ಲ. ಎಲಾಸ್ಟಿಕ್ಕಿನ ಹಳೆಯ ಮುಕ್ತ ಆವೃತ್ತಿಯಿಂದ ಅಮೆಜಾನ್ ಓಪನ್‌ಸರ್ಚ್ ಎಂಬ ಕವಲನ್ನೂ, ಹಾಶಿಕಾರ್ಪಿನ ಟೆರಾಫಾರ್ಮ್ ಎಂಬ ತಂತ್ರಾಂಶದಿಂದ ಅದರ ಬಳಕೆದಾರರು ಓಪನ್‌ಟೋಫು ಎಂಬುದನ್ನೂ, ರೆಡಿಸ್‌ನಿಂದ ಹಲವು ಕಂಪನಿಗಳ ಎಂಜಿನಿಯರುಗಳು ಕೂಡಿ ಕೆಲವೇ ದಿನಗಳಲ್ಲಿ ವಾಲ್ಕಿ ಎಂಬುದನ್ನೂ ತೆಗೆದರು. 2024ರಲ್ಲಿ ಎಲಾಸ್ಟಿಕ್, 2025ರಲ್ಲಿ ರೆಡಿಸ್, ಮುಕ್ತವೆಂದು ಎಲ್ಲರೂ ಒಪ್ಪುವ ಎಜಿಪಿಎಲ್ ಲೈಸೆನ್ಸನ್ನು ಮತ್ತೆ ಒಂದು ಆಯ್ಕೆಯಾಗಿ ಕೊಟ್ಟುವು. ಮಾಂಗೊಡಿಬಿ ಹಿಂದಿರುಗಿಲ್ಲ, 2025ರ ಜನವರಿಗೆ ಮುಗಿದ ವರ್ಷದಲ್ಲಿ ಅದರ ಆದಾಯ 200 ಕೋಟಿ ಡಾಲರನ್ನು ಮುಟ್ಟಿತು. ವ್ಯಾಪಾರವಾಗಿ ಅದು ಗೆದ್ದಿದೆ, ನಿಜ. ಆದರೆ ಆ ಗೆಲುವನ್ನು ಮುಕ್ತ ತಂತ್ರಾಂಶದ ಲೆಕ್ಕಕ್ಕೆ ಬರೆಯಲಾಗದು.

ಈ ಕಂಪನಿಗಳ ಅಳಲನ್ನು ನಾನು ಅಲ್ಲಗಳೆಯುವುದಿಲ್ಲ. ತಾವು ಬಿತ್ತಿದ್ದನ್ನು ತಮಗಿಂತ ಸಾವಿರ ಪಟ್ಟು ಬಲಶಾಲಿಯಾದವನು ಕೊಯ್ದುಕೊಂಡು ಹೋಗುವುದನ್ನು ನೋಡುತ್ತ ನಿಲ್ಲುವುದು ಸುಲಭವಲ್ಲ. ಆದರೂ ನ್ಯಾಯದ ತಕ್ಕಡಿಯಲ್ಲಿ ಇನ್ನೊಂದು ಬದಿಯೂ ಉಂಟು. ಆರಂಭದಲ್ಲಿ ಇವರಿಗೆ ಜಾಹೀರಾತಿನ ಖರ್ಚಿಲ್ಲದೆ ಲಕ್ಷಾಂತರ ಬಳಕೆದಾರರು ಒದಗಿದ್ದು, ಪರದೇಶಗಳ ಎಂಜಿನಿಯರುಗಳು ಸಂಬಳವಿಲ್ಲದೆ ದೋಷಗಳನ್ನು ಹುಡುಕಿ ತಿದ್ದಿಕೊಟ್ಟದ್ದು, ದೊಡ್ಡ ಉದ್ಯಮಗಳು ಹಿಂಜರಿಯದೆ ಒಳಗೆ ಬಿಟ್ಟುಕೊಂಡದ್ದು, ಇವೆಲ್ಲವೂ ಬಾಗಿಲು ಎಂದಿಗೂ ತೆರೆದೇ ಇರುವುದೆಂಬ ಭರವಸೆಯಿಂದ. ಆ ಭರವಸೆಯನ್ನು ಬೆಳವಣಿಗೆಯ ಸಾಧನವಾಗಿ ಮಾತ್ರ ಕಂಡು, ಬೆಳೆದ ಮೇಲೆ ಹಿಂದಕ್ಕೆ ಪಡೆಯುವುದು ಕಾನೂನಿಗೆ ಸಮ್ಮತವಾಗಿದ್ದರೂ ವಚನಭಂಗವೇ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನ ಕಡೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 1996ರಲ್ಲಿ ಈ ಹೆಸರನ್ನು ಪಡೆದ ಅದಕ್ಕೆ ಒಡೆಯನೆಂಬ ಒಬ್ಬ ಕಂಪನಿಯಿಲ್ಲ. ಪರಸ್ಪರ ಸ್ಪರ್ಧಿಸುವ ಹಲವು ಕಂಪನಿಗಳು ತಮ್ಮ ತಮ್ಮ ನೌಕರರಿಂದ ಅದನ್ನು ಬರೆಸಿ, ಪ್ರತಿಯೊಂದೂ ತನ್ನ ಸೇವೆಯನ್ನು ಮಾರಿ ಜೀವಿಸುತ್ತಿವೆ. ಅಲ್ಲಿ ಕ್ಲೌಡ್ ಸಂಸ್ಥೆಯೂ ಒಬ್ಬ ಬಳಕೆದಾರ, ಒಬ್ಬ ಭಾಗಿ. ಬೀಗ ಹಾಕುವ ಅಧಿಕಾರವೇ ಯಾರಿಗೂ ಇಲ್ಲದಿರುವುದರಿಂದ ಬೀಗದ ಭಯವೂ ಇಲ್ಲ. ಮುಕ್ತ ತಂತ್ರಾಂಶದ ಮೇಲೆ ವ್ಯಾಪಾರ ನಿಲ್ಲಬಲ್ಲುದು, ತಂತ್ರಾಂಶದ ಒಡೆತನದ ಮೇಲೆ ನಿಲ್ಲಲಾರದು ಎಂಬುದು ಇಷ್ಟೆಲ್ಲವನ್ನೂ ನೋಡಿದ ಮೇಲೆ ನಾನು ಮುಟ್ಟಿರುವ ನಿರ್ಣಯ. ಒಡೆತನವನ್ನು ಒಳಗೊಳಗೇ ಬಯಸುತ್ತ ಹೊರಗೆ ಮುಕ್ತತೆಯ ಮಾತಾಡುವ ಉದ್ಯಮ ಒಂದಲ್ಲ ಒಂದು ದಿನ ಎರಡರಲ್ಲೊಂದನ್ನು ಬಿಡಲೇಬೇಕಾಗುತ್ತದೆ.

ಆದರೆ ಕಂಪನಿಗಳ ಕಥೆ ಇಲ್ಲಿಗೆ ಮುಗಿದರೂ, ಕಂಪನಿಯೇ ಇಲ್ಲದ ತಂತ್ರಾಂಶಗಳ ಕಥೆ ಉಳಿಯುತ್ತದೆ. ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಅದೇ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ, ಲೋಕದ ಬ್ಯಾಂಕುಗಳೂ ಅಂಗಡಿಗಳೂ ತಮ್ಮ ಗುಟ್ಟುಗಳ ರಕ್ಷಣೆಗೆ ನೆಚ್ಚಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರು ಮಾತ್ರವೆಂದು ತಿಳಿದುಬಂತು. ಹತ್ತು ವರ್ಷಗಳ ಅನಂತರ, 2024ರ ಮಾರ್ಚಿನಲ್ಲಿ, ಇದಕ್ಕಿಂತ ಭೀಕರವಾದ ಸಂಗತಿ ಕಂಡಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶವನ್ನು ಒಬ್ಬರೇ ಒಬ್ಬರು ಸಂಬಳವಿಲ್ಲದೆ, ಬಳಲಿ, ನೋಡಿಕೊಳ್ಳುತ್ತಿದ್ದರು. ಸಹಾಯಕನ ವೇಷದಲ್ಲಿ ಬಂದು ಎರಡು ವರ್ಷಕ್ಕೂ ಮಿಕ್ಕಿ ವಿಶ್ವಾಸವನ್ನು ಗಳಿಸಿದ ಅಜ್ಞಾತನೊಬ್ಬ ಅದರೊಳಗೆ ಒಂದು ಗುಪ್ತ ಬಾಗಿಲನ್ನು ಇರಿಸಿಬಿಟ್ಟಿದ್ದ. ಅದನ್ನು ಪತ್ತೆಹಚ್ಚಿದವರು ಪೋಸ್ಟ್‌ಗ್ರೆಸ್‌ಕ್ಯೂಎಲ್ ಬರೆಯುವವರಲ್ಲೊಬ್ಬರಾದ, ಮೈಕ್ರೋಸಾಫ್ಟಿನ ಸಂಬಳದಲ್ಲಿದ್ದ ಆಂಡ್ರೆಸ್ ಫ್ರಾಯಿಂಡ್. ದೂರದ ಯಂತ್ರವನ್ನು ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂಬ ಅಲ್ಪ ಸಂಗತಿಯನ್ನು ಅವರು ಅಲಕ್ಷಿಸದೆ ಬೆನ್ನಟ್ಟಿದರು. ಆ ಶೋಧಕ್ಕೆ ಬೇಕಾದ ವಿರಾಮವನ್ನೂ ಜ್ಞಾನವನ್ನೂ ಒದಗಿಸಿದ್ದರಲ್ಲಿ ಅವರ ಸಂಬಳಕ್ಕೆ ಪಾಲಿಲ್ಲವೆನ್ನಲಾರೆವು. ಆ ಸಂಬಳದ ಒಂದು ಅಂಶವಾದರೂ ಎಕ್ಸ್‌ಝಡ್ ನೋಡಿಕೊಳ್ಳುತ್ತಿದ್ದವರಿಗೂ ಸಲ್ಲುತ್ತಿದ್ದರೆ, ಅಪರಿಚಿತನ ನೆರವನ್ನು ಅವರು ಅಷ್ಟು ನೆಚ್ಚಬೇಕಾಗುತ್ತಿರಲಿಲ್ಲವೇನೋ.

ಇದು ದೂರದ ದೇಶಗಳ ವಿಷಯವೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ನಮ್ಮ ಫೋನಿನ ಪರದೆಯ ಮೇಲೆ ಒತ್ತಕ್ಷರ ಅಕ್ಷರದ ಕೆಳಗೆ ಸರಿಯಾಗಿ ಕುಳಿತು, ಅರ್ಕಾವೊತ್ತು ತನ್ನ ಸ್ಥಾನಕ್ಕೆ ಹೋಗಿ ನಿಲ್ಲುವುದು, ಆಂಡ್ರಾಯ್ಡಿನಲ್ಲಾಗಲಿ ಕ್ರೋಮ್, ಫೈರ್‌ಫಾಕ್ಸುಗಳಲ್ಲಾಗಲಿ, ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ ಕೃಪೆಯಿಂದ. ಲೋಹಿತ್ ಕನ್ನಡ ಎಂಬ ಅಕ್ಷರಶೈಲಿಯನ್ನು ಮುಕ್ತವಾಗಿ ಒದಗಿಸಿದ್ದು ಮೇಲೆ ಹೇಳಿದ ರೆಡ್ ಹ್ಯಾಟ್ ಕಂಪನಿಯೇ. ಗುಬ್ಬಿ, ನವಿಲು ಎಂಬ ಸೊಗಸಾದ ಶೈಲಿಗಳನ್ನು ರಚಿಸಿ ಕೊಟ್ಟವರಾದರೋ ನಮ್ಮವರೇ. ಮುದ್ರಿತ ಕನ್ನಡ ಪುಟವನ್ನು ಓದಿ ಪಠ್ಯವಾಗಿಸುವ ಟೆಸೆರಾಕ್ಟ್ ಕೂಡ ಮುಕ್ತವಾದುದು. ಗಿರಾಕಿಗಳ ಸಂಖ್ಯೆಯನ್ನು ಮಾತ್ರ ನೋಡುವ ವ್ಯಾಪಾರ ನಮ್ಮಂಥ ಭಾಷೆಗಳನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತದೆ. ಮೂಲಪಾಠ ತೆರೆದಿದ್ದರೆ, ಭಾಷೆಯ ಮೇಲೆ ಪ್ರೀತಿಯುಳ್ಳ ಒಬ್ಬರು ಯಾರ ಅಪ್ಪಣೆಗೂ ಕಾಯದೆ ಕೆಲಸಕ್ಕೆ ತೊಡಗಬಹುದು.

ಬೆಂಗಳೂರಿನ ಉದ್ಯಮವಂತೂ ಈ ಮುಕ್ತ ಪಾಠಗಳ ಬುನಾದಿಯ ಮೇಲೆಯೇ ನಿಂತಿದೆ. ಅಲ್ಲಿಯ ಝೆರೋಧ ಕಂಪನಿ, ತಾನು ಬಳಸುವ ಬಗೆಯ ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವವರಿಗೆಂದು ವರ್ಷಕ್ಕೆ 10 ಲಕ್ಷ ಡಾಲರುಗಳ ನಿಧಿಯೊಂದನ್ನು 2024ರ ಅಕ್ಟೋಬರಿನಲ್ಲಿ ಘೋಷಿಸಿತು; ಇದನ್ನು ದಾನವೆಂದಲ್ಲ, ವ್ಯಾಪಾರದ ಖರ್ಚಿನ ಒಂದು ಬಾಬೆಂದು ಎಣಿಸಬೇಕು. ಕೇಂದ್ರ ಸರಕಾರ ತನ್ನ ಇ-ಆಡಳಿತದ ಕಾರ್ಯಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ನೀಡಬೇಕೆಂಬ ನೀತಿಯನ್ನು 2015ರಲ್ಲಿಯೇ ಪ್ರಕಟಿಸಿದೆ. ಆದ್ಯತೆಯೊಡನೆ ಪೋಷಣೆಯ ಹಣವೂ ಸೇರಬೇಕು. ಸರಕಾರದ ಟೆಂಡರಿನಲ್ಲಿ, ಬಳಸುವ ಮುಕ್ತ ತಂತ್ರಾಂಶಗಳ ಪಾಲನೆಗೆಂದು ವೆಚ್ಚದ ಸಣ್ಣದೊಂದು ಅಂಶವನ್ನು ಮೀಸಲಿಡುವ ಷರತ್ತನ್ನು ಸೇರಿಸುವುದು ಕಷ್ಟದ ಕೆಲಸವಲ್ಲ. ಈ ಲೇಖನವನ್ನು ಓದುತ್ತಿರುವವರಲ್ಲಿ ತಂತ್ರಾಂಶ ಕಂಪನಿಗಳ ಎಂಜಿನಿಯರುಗಳೂ, ಮ್ಯಾನೇಜರುಗಳೂ, ಆಯವ್ಯಯಕ್ಕೆ ಸಹಿ ಹಾಕುವವರೂ ಖಂಡಿತವಾಗಿ ಇದ್ದೀರಿ. ನಿಮ್ಮ ಉತ್ಪನ್ನ ಯಾವ ಯಾವ ಮುಕ್ತ ತಂತ್ರಾಂಶಗಳ ಮೇಲೆ ನಿಂತಿದೆಯೆಂಬ ಪಟ್ಟಿಯನ್ನು ಈ ವಾರ ಒಮ್ಮೆ ತರಿಸಿ ನೋಡಿ. ಅವುಗಳಲ್ಲಿ ಒಬ್ಬಿಬ್ಬರೇ ನೋಡಿಕೊಳ್ಳುತ್ತಿರುವವು ಎಷ್ಟೆಂದು ಗುರುತುಹಾಕಿ. ಬರುವ ವರ್ಷದ ಆಯವ್ಯಯದಲ್ಲಿ ಅವರಿಗೊಂದು ಮೊತ್ತವನ್ನೂ, ನಿಮ್ಮ ನೌಕರರಲ್ಲಿ ಒಬ್ಬರ ವಾರಕ್ಕೊಂದು ದಿನವನ್ನೂ ಬರೆದಿಡಿ.